‘ಅದು ಎಲ್ಲಿಗೆ ಬಂತು?’ ಅಂದ್ರೆ ಯಾವ್ದು?

ರಾತ್ರಿ 11 ಗಂಟೆ 40 ನಿಮಿಷ. ಇನ್ನೇನು ಲೈಟ್ ಆಫ್ ಮಾಡ್ಬೇಕು, ಅಷ್ಟೊತ್ತಿಗೆ ಫೋನ್ ಟಿಂಗ್ ಅಂತು. ‘ಅದು ಎಲ್ಲಿಗೆ ಬಂತು?’ ಅಷ್ಟೇ ಮೆಸೇಜು. ಕಳಿಸಿದ್ದು ನನ್ನ ಹಳೇ ಗೆಳತಿ. ನಾನು ಒಂದು ಸೆಕೆಂಡೂ ಯೋಚನೆ ಮಾಡ್ದೆ ‘ಆಲ್ಮೋಸ್ಟ್ ಆಯ್ತು ಕಣೇ, ಎರಡು ದಿನ ಕೊಡು’ ಅಂತ ಟೈಪ್ ಮಾಡಿ ಕಳಿಸ್ಬಿಟ್ಟೆ. ಕಳಿಸಿದ್ಮೇಲೆ ತಲೆಗೆ ಬಂತು, ‘ಅದು’ ಅಂದ್ರೆ ಯಾವ್ದು?

ಚಾಟ್ ಮೇಲಕ್ಕೆ ಎಳೀತಾ ಹೋದೆ. ಹುಟ್ಟುಹಬ್ಬದ ವಿಶ್ ದಾಟಿ, ಒಂದಷ್ಟು ಫಾರ್ವರ್ಡ್ ದಾಟಿ, ಐದು ವಾರ ಹಿಂದಕ್ಕೆ ಹೋದ್ಮೇಲೆ ಸಿಕ್ತು. ಅವಳು ಶುರು ಮಾಡ್ತಿರೋ ಸಣ್ಣ ಕೆಲಸಕ್ಕೆ ಒಂದು ವೆಬ್‌ಸೈಟು, ಅದಕ್ಕೆ ನಾಲ್ಕು ಪುಟ ಬರ್ದುಕೊಡ್ತೀಯಾ ಅಂತ ಕೇಳಿದ್ಲು. ನಾನು ‘ಖಂಡಿತ!!’ ಅಂತ ಎರಡು ಆಶ್ಚರ್ಯಸೂಚಕ ಹಾಕಿ ಒಪ್ಕೊಂಡಿದ್ದೆ. ಅವಳು ಕಳಿಸಿದ್ದ ಫೈಲನ್ನ ಡೌನ್‌ಲೋಡ್ ಕೂಡ ಮಾಡಿರ್ಲಿಲ್ಲ, ಅದರ ಮೇಲೆ ಇನ್ನೂ ಆ ಕೆಳಮುಖದ ಬಾಣದ ಗುರುತು ಹಾಗೇ ಇತ್ತು.

ಸುಳ್ಳು ಹೇಳ್ದೆ ಅನ್ನೋದಕ್ಕಿಂತ, ಆ ಸುಳ್ಳು ಎಷ್ಟು ಸರಾಗವಾಗಿ ಬಂತಲ್ಲ ಅದು ನನ್ನನ್ನ ಹೆದರಿಸ್ತು. ಯಾವ ಕೆಲಸ ಅಂತಾನೇ ಗೊತ್ತಿಲ್ದೆ ‘ಆಲ್ಮೋಸ್ಟ್ ಆಯ್ತು’ ಅಂದಿದೀನಿ ಅಂದ್ರೆ, ಇದು ನನ್ನ ಬಾಯಿಗೆ ಎಷ್ಟು ರೂಢಿ ಆಗಿರ್ಬೇಕು ಲೆಕ್ಕ ಹಾಕಿ.

ಆ ಭಾನುವಾರ ಬೆಳಿಗ್ಗೆ ಯಾವುದೋ ಪ್ರಿಂಟೌಟಿನ ಹಿಂದಿನ ಖಾಲಿ ಮಗ್ಗುಲಲ್ಲಿ, ನಾನು ಯಾರ್‍ಯಾರಿಗೆ ಏನೇನು ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದೀನಿ ಅಂತ ಬರೆಯೋಕೆ ಕೂತೆ. ಆಫೀಸ್ ಕೆಲಸ ಬಿಟ್ಟು, ಅದು ಬೇರೆ ಲೋಕ. ಮೊದಲ ಒಂಬತ್ತು ಸರಸರ ಅಂತ ಬಂತು. ಒಂದು ಪತ್ರಿಕೆಯ ಸಂಚಿಕೆಗೆ ಕರಡು ತಿದ್ದೋದು, ಒಂದು ಶಾರ್ಟ್ ಫಿಲ್ಮಿಗೆ ಸಬ್‌ಟೈಟಲ್, ವಾರಕ್ಕೊಂದು ದಿನ ಆನ್‌ಲೈನಲ್ಲಿ ಮಕ್ಕಳಿಗೆ ಪಾಠ, ಒಂದು ಕಮಿಟಿಯ ವರ್ಷದ ಲೆಕ್ಕ ಬರ್ದಿಡೋದು, ದುಡ್ಡು ಕಟ್ಟಿ ಮೂರನೇ ಪಾಠಕ್ಕೆ ನಿಲ್ಲಿಸಿರೋ ಕೋರ್ಸು, ಹೀಗೆ. ಆಮೇಲೆ ಪೆನ್ನು ನಿಂತುಬಿಡ್ತು, ಇಷ್ಟೇನಾ ಅಂತ ಸ್ವಲ್ಪ ಖುಷಿನೂ ಆಯ್ತು. ಮೇಲ್ ತೆಗ್ದೆ, ಇನ್ನೂ ಮೂರು. ಚಾಟ್‌ಗಳನ್ನ ಒಂದೊಂದಾಗಿ ನೋಡ್ದೆ, ಮತ್ತೆ ನಾಲ್ಕು. ಮಾನಿಟರ್ ಕೆಳಗೆ ಅಂಟಿಸಿದ್ದ ಹಳದಿ ಚೀಟಿಲಿ ನನ್ನದೇ ಅಕ್ಷರದಲ್ಲಿ ‘ಗುರುವಾರದೊಳಗೆ ಕಳಿಸ್ಬೇಕು, ಮರೀಬೇಡ’ ಅಂತ ಇತ್ತು. ಏನನ್ನ, ಯಾರಿಗೆ, ಯಾವ ಗುರುವಾರ, ದೇವರಾಣೆಗೂ ನೆನಪಿಲ್ಲ. ಅದನ್ನೂ ಬರ್ಕೊಂಡೆ. ಒಟ್ಟು 17.

ಆ ಚೀಟಿ ಯಾವುದಕ್ಕೆ ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಯಾರೋ ಒಬ್ರು ಎಲ್ಲೋ ನನ್ನ ಮೇಲೆ ಬೇಜಾರು ಮಾಡ್ಕೊಂಡು ಕೂತಿರ್ತಾರೆ. ಅವರು ಇದನ್ನ ಓದ್ತಿದ್ರೆ, ಕ್ಷಮಿಸಿ.

ಪ್ರತಿಯೊಂದರ ಮುಂದೆ ಎಷ್ಟು ಗಂಟೆ ಹಿಡಿಯುತ್ತೆ ಅಂತ ಅಂದಾಜು ಬರ್ದೆ, ಕೂಡಿಸಿದ್ರೆ 140 ಗಂಟೆ. ಬಹುಪಾಲು ಎಲ್ಲಾ ತಿಂಗಳೊಳಗೆ ಮುಗಿಸ್ಬೇಕಾಗಿದ್ವು. ನನ್ನ ಹತ್ರ ಇದ್ದಿದ್ದು ನಾಲ್ಕು ವಾರ, ವಾರದ ದಿನಗಳಲ್ಲಿ ಸಂಜೆ ಎರಡೆರಡು ಗಂಟೆ, ಶನಿವಾರ ಭಾನುವಾರ ಸೇರಿ ಇನ್ನೊಂದೈದು, ಅಂದ್ರೆ ವಾರಕ್ಕೆ 15, ಒಟ್ಟು 60. ಕೈಯಲ್ಲಿ 60 ಇಟ್ಕೊಂಡು 140ಕ್ಕೆ ಮಾತು ಕೊಟ್ಟಿದೀನಿ. ದುಡ್ಡಿನ ವಿಷಯದಲ್ಲಿ ಹೀಗೆ ಮಾಡಿದ್ರೆ ಜನ ಅದಕ್ಕೆ ಬೇರೆ ಹೆಸರಿಡ್ತಾರೆ.

ಇಷ್ಟು ದಿನ ನಾನು ‘ಟೈಮ್ ಮ್ಯಾನೇಜ್ ಮಾಡೋಕೆ ಬರಲ್ಲ ನಂಗೆ’ ಅಂತ ಹೇಳ್ಕೊಂಡು ಓಡಾಡ್ತಿದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ, ಒಂಬತ್ತು ದಿನ ನಡೀತು. 25 ನಿಮಿಷ ಕೆಲಸ 5 ನಿಮಿಷ ಬ್ರೇಕು ಅನ್ನೋ ಪೊಮೊಡೊರೊ ಮಾಡ್ದೆ, ಚೆನ್ನಾಗೇ ಇತ್ತು. ಆಪ್‌ಗಳು, ಬಣ್ಣದ ಲೇಬಲ್ಲು, ಎಲ್ಲಾ ಆಯ್ತು. ಆದ್ರೆ ಇವೆಲ್ಲ ಹೊರೆಯನ್ನ ನೀಟಾಗಿ ಕಟ್ಟೋ ಹಗ್ಗಗಳು, ಹೊರೆ ಒಂದು ತೊಲ ಕೂಡ ಕಮ್ಮಿ ಆಗಲ್ಲ, ಇನ್ನೂ ಕೇಳಿದ್ರೆ ಚೆನ್ನಾಗಿ ಕಟ್ಟಿದೀನಲ್ಲ ಅನ್ನೋ ಧೈರ್ಯಕ್ಕೆ ಮೇಲೆ ಇನ್ನೆರಡು ಇಟ್ಕೊಂಡೆ. 60 ಗಂಟೆಯನ್ನ ಎಷ್ಟು ಚೆಂದ ಜೋಡಿಸಿದ್ರೂ 140 ಆಗಲ್ಲ, ಇದು ಮೂರನೇ ಕ್ಲಾಸಿನ ಲೆಕ್ಕ. ನಾನು ಅದನ್ನ ಬರೆದು ಕೂಡಿಸಿ ನೋಡೇ ಇರ್ಲಿಲ್ಲ ಅನ್ನೋದೇ ವಿಷಯ.

ಅದೂ ಸಾಲದು ಅಂತ, ಆ 140 ಕೂಡ ಸುಳ್ಳೇ. ಇದಕ್ಕೆ ಮನಃಶಾಸ್ತ್ರದವರು ಒಂದು ಹೆಸರಿಟ್ಟಿದಾರೆ, ಪ್ಲಾನಿಂಗ್ ಫ್ಯಾಲಸಿ ಅಂತ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತೆ ಅಮೋಸ್ ಟ್ವೆರ್ಸ್ಕಿ ಇಟ್ಟ ಹೆಸರು. ಕೆಲಸ ಎಷ್ಟು ದಿನ ಹಿಡಿಯುತ್ತೆ ಅಂತ ಕೇಳಿದ್ರೆ ನಾವು ಎಲ್ಲಾ ಸರಿಯಾಗಿ ನಡೆದ್ರೆ ಹೇಗಿರುತ್ತೋ ಆ ಚಿತ್ರವನ್ನೇ ಕಣ್ಮುಂದೆ ತಂದ್ಕೊಂಡು ಉತ್ತರ ಕೊಡ್ತೀವಿ, ಇಂಥದ್ದೇ ಕೆಲಸ ಹಿಂದೆ ಎಷ್ಟು ಹಿಡೀತು ಅನ್ನೋದನ್ನ ನೋಡಲ್ಲ. ಮಜಾ ಏನಂದ್ರೆ ಕಾನೆಮನ್ ತಾವೇ ಇದಕ್ಕೆ ಬಿದ್ದೋರು. ಶಾಲೆ ಮಕ್ಕಳಿಗೆ ಪಠ್ಯ ತಯಾರಿಸೋ ಒಂದು ತಂಡದಲ್ಲಿದ್ರು, ಎಷ್ಟು ದಿನ ಬೇಕು ಅಂತ ಎಲ್ರನ್ನೂ ಬರೆಯೋಕೆ ಹೇಳಿದಾಗ ಎಲ್ರೂ ಎರಡು ವರ್ಷದ ಆಸುಪಾಸು ಬರ್ದ್ರು. ಆ ತಂಡದಲ್ಲೇ ಇದ್ದ ಅನುಭವಸ್ಥರೊಬ್ಬರನ್ನ, ಇಂಥ ಬೇರೆ ತಂಡಗಳ ಕಥೆ ಏನಾಯ್ತು ಅಂತ ಕೇಳಿದ್ರೆ ಅವರು ತಡವರಿಸ್ತಾ ಹೇಳಿದ್ದು, ಸುಮಾರು ನೂರಕ್ಕೆ ನಲವತ್ತು ತಂಡ ಮುಗಿಸ್ಲೇ ಇಲ್ಲ, ಮುಗಿಸಿದೋರು ಯಾರೂ ಏಳು ವರ್ಷಕ್ಕೆ ಕಮ್ಮಿ ತಗೊಂಡಿಲ್ಲ ಅಂತ. ಅಷ್ಟು ಗೊತ್ತಿದ್ದೂ ಅವರು ಕೂಡ ಎರಡು ವರ್ಷದ ಆಸುಪಾಸೇ ಬರ್ದಿದ್ರು! ಕೊನೆಗೆ ಅದು ಮುಗಿಯೋಕೆ ಎಂಟು ವರ್ಷ ಹಿಡೀತು.

1994ರಲ್ಲಿ ಕೆನಡಾದಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋ ಮೂವರು, ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಯಾವಾಗ ಮುಗಿಸ್ತೀರಿ ಅಂತ ಕೇಳಿದ್ರು. ಸರಾಸರಿ 34 ದಿನ ಅಂದ್ರು. ಸರಿ, ಎಲ್ಲಾ ಎಡವಟ್ಟಾದ್ರೆ? ಆಗ 49 ದಿನ ಅಂದ್ರು. ನಿಜವಾಗ್ಲೂ ಹಿಡಿದಿದ್ದು 55 ದಿನಕ್ಕೂ ಮೇಲೆ. ಅಂದ್ರೆ ಅವರ ಕೆಟ್ಟ ಕನಸಿಗಿಂತ ವಾಸ್ತವ ಕೆಟ್ಟದಾಗಿತ್ತು. ಇದನ್ನ ಓದಿದ್ಮೇಲೆ ನಂದೂ ಒಂದು ಸಲ ನೋಡೇಬಿಡೋಣ ಅಂತ, ಸಬ್‌ಟೈಟಲ್ ಕೆಲಸಕ್ಕೆ 3 ಗಂಟೆ ಅಂತ ಬರ್ದು, ಪಕ್ಕದಲ್ಲಿ ಗಡಿಯಾರ ಇಟ್ಕೊಂಡು ಕೂತೆ. 18 ನಿಮಿಷದ ಫಿಲ್ಮು. ಒಬ್ಬ ಪಾತ್ರಧಾರಿ ಗೊಣಗೋದು ಏನಂತ ಅರ್ಥ ಆಗ್ದೆ ಅದೊಂದೇ ಸಾಲನ್ನ ಹನ್ನೊಂದು ಸಲ ಕೇಳ್ದೆ, ಆಮೇಲೆ ಅಕ್ಷರ ಬೇಗ ಮಾಯ ಆಗುತ್ತೆ ಅಂತ ಎಲ್ಲಾ ಟೈಮಿಂಗ್ ಮತ್ತೆ ಸರಿ ಮಾಡ್ದೆ, ಸೇವ್ ಮಾಡಿದ್ರೆ ಅರ್ಧ ಅಕ್ಷರ ಚೌಕಗಳಾಗಿ ಕಾಣಿಸ್ತು, ಅದಕ್ಕೊಂದು ಮುಕ್ಕಾಲು ಗಂಟೆ. ಒಟ್ಟು 7 ಗಂಟೆ 15 ನಿಮಿಷ. ಅವತ್ತಿಂದ ನನ್ನ ಮನಸ್ಸು ಏನು ಅಂಕಿ ಹೇಳುತ್ತೋ ಅದಕ್ಕೆ ಎರಡರಿಂದ ಗುಣಿಸ್ತೀನಿ. ಎರಡೂವರೆ ಸರಿಯಾಗಿರುತ್ತೆ, ಆದ್ರೆ ಅಷ್ಟು ನಿರಾಶೆ ಬೇಡ ಅಂತ.

ಯಾಕೆ ಒಪ್ಕೋತೀನಿ ಅನ್ನೋದು ಬೇರೆ ಕಥೆ. ನಮ್ಮಲ್ಲಿ ಒಂದು ಒರಟು ಗಾದೆ ಇದೆಯಲ್ಲ, ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ. ಬಹಳ ದಿನ ನಾನೂ ಅದೇ ನೆಪ ಹೇಳ್ಕೊಂಡೆ, ಅಯ್ಯೋ ದಾಕ್ಷಿಣ್ಯಕ್ಕೆ ಸಿಕ್ಕಾಕೊಂಡೆ, ಇಲ್ಲ ಅನ್ನೋಕೆ ಬಾಯಿ ಬರಲ್ಲ ನಂಗೆ ಅಂತ. ಹಾಗೆ ಹೇಳ್ಕೊಂಡ್ರೆ ನಾವು ತುಂಬಾ ಒಳ್ಳೇವ್ರು ಅಂತ ಆಗುತ್ತಲ್ಲ. ಆದ್ರೆ 17ನ್ನೂ ಮುಂದೆ ಇಟ್ಕೊಂಡು ಒಂದೊಂದೂ ಹೆಂಗೆ ಬಂತು ಅಂತ ಪ್ರಾಮಾಣಿಕವಾಗಿ ನೋಡಿದ್ರೆ ನಿಜವಾದ ದಾಕ್ಷಿಣ್ಯದ್ದು ನಾಲ್ಕೋ ಐದೋ ಅಷ್ಟೇ. ಮಿಕ್ಕಿದ್ದೆಲ್ಲ ‘ಇದು ನಿನ್ ಕೈಲಿ ಆದ್ರೆ ಮಾತ್ರ ಸರಿಯಾಗಿ ಆಗೋದು’ ಅಂತ ಯಾರೋ ಅಂದಿದ್ದಕ್ಕೆ ಉಬ್ಬಿ ಒಪ್ಕೊಂಡಿದ್ದು. ಎರಡಂತೂ ಯಾರೂ ಕೇಳೇ ಇರ್ಲಿಲ್ಲ, ನಾನೇ ಮೀಟಿಂಗಲ್ಲಿ ಎಲ್ರೂ ಸುಮ್ನೆ ಕೂತಿದ್ದಾಗ ಆ ಮೌನ ತಡ್ಕೊಳೋಕಾಗ್ದೆ ‘ನಾನು ನೋಡ್ಕೋತೀನಿ ಬಿಡಿ’ ಅಂದಿದ್ದು.

ಇನ್ನೊಂದು ಮೋಸ ಇದೆ, ಅದು ಕ್ಯಾಲೆಂಡರಿಂದು. ಈ ವಾರ ಬನ್ನಿ ಅಂದ್ರೆ ಸಾಧ್ಯನೇ ಇಲ್ಲ ಅಂತೀನಿ, ಮುಂದಿನ ತಿಂಗಳು ಅಂದ್ರೆ ಓಹೋ ಧಾರಾಳವಾಗಿ. ಯಾಕಂದ್ರೆ ಮುಂದಿನ ತಿಂಗಳ ಪುಟ ಖಾಲಿ ಕಾಣುತ್ತೆ, ಆ ತಿಂಗಳಲ್ಲಿ ಇರೋ ನಾನು ಚುರುಕಾಗಿ, ನಿದ್ದೆ ಮಾಡಿ ಎದ್ದು, ಜ್ವರ ನೆಗಡಿ ಏನೂ ಇಲ್ದೆ ಕೂತಿರ್ತೀನಿ ಅಂತ ಅನ್ಸುತ್ತೆ. ಗಾಲ್ ಜೌಬರ್‌ಮನ್, ಜಾನ್ ಲಿಂಚ್ ಅನ್ನೋ ಇಬ್ಬರು 2005ರಲ್ಲಿ ಇದನ್ನೇ ತೋರಿಸಿದ್ರು, ಮುಂದೆ ನಮ್ಮ ಹತ್ರ ಹೆಚ್ಚು ಬಿಡುವು ಇರುತ್ತೆ ಅನ್ನೋ ಭ್ರಮೆ ದುಡ್ಡಿಗಿಂತ ಟೈಮಿನ ವಿಷಯದಲ್ಲಿ ಜೋರು ಅಂತ. ನಾನೀಗ ಮುಂದಿನ ತಿಂಗಳಿಗೆ ಯಾರಾದ್ರೂ ಏನಾದ್ರೂ ಕೇಳಿದ್ರೆ, ಇದು ನಾಳೆ ಬೆಳಿಗ್ಗೇನೇ ಆಗ್ಬೇಕು ಅಂದಿದ್ರೆ ಏನಂತಿದ್ದೆ ಅಂತ ಕೇಳ್ಕೋತೀನಿ. ಹೊಟ್ಟೆಯೊಳಗೆ ಒಂದು ಮುಷ್ಟಿ ಬಿಗಿದ ಹಾಗೆ ಆದ್ರೆ ಉತ್ತರ ಸಿಕ್ಕಿತು ಅಂತ ಲೆಕ್ಕ.

ನಂಗೆ ನಿಜವಾಗ್ಲೂ ಕಣ್ಣು ತೆರೆಸಿದ್ದು ಮಾತ್ರ ಮನಃಶಾಸ್ತ್ರ ಅಲ್ಲ, ಕ್ಯೂ ಲೆಕ್ಕ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಎಷ್ಟು ಲೈನ್ ಇಟ್ರೆ ಜನ ಕಾಯ್ದೆ ಮಾತಾಡ್ಬಹುದು ಅಂತ ಕೋಪನ್‌ಹೇಗನ್ನಿನಲ್ಲಿ ಎರ್ಲಾಂಗ್ ಅನ್ನೋರು 1909ರಲ್ಲಿ ಶುರು ಮಾಡಿದ ಗಣಿತ ಇದು. ಕೆಲಸಗಳು ಹೇಳಿಕೇಳಿ ಬರಲ್ಲ, ಒಂದೊಂದು ಒಂದೊಂದು ಅಳತೆ, ಮಾಡೋನು ಒಬ್ಬನೇ ಅಂತ ಇಟ್ಕೊಳಿ. ಅವನು ಅರ್ಧ ಹೊತ್ತು ಮಾತ್ರ ಬ್ಯುಸಿ ಇದ್ರೆ, ಒಂದು ಗಂಟೆಯ ಕೆಲಸ ಸರದಿ ಬರೋಕೆ ಸರಾಸರಿ ಒಂದು ಗಂಟೆ ಕಾಯುತ್ತೆ. 80 ಪರ್ಸೆಂಟ್ ಬ್ಯುಸಿ ಇದ್ರೆ ನಾಲ್ಕು ಗಂಟೆ. 90 ಆದ್ರೆ ಒಂಬತ್ತು. 95 ಆದ್ರೆ ಹತ್ತೊಂಬತ್ತು ಗಂಟೆ! 90ರಿಂದ 95ಕ್ಕೆ ಹೋಗೋದು ಅಂದ್ರೆ ಇನ್ನೊಂದು ಚೂರು ಜಾಸ್ತಿ ಅಷ್ಟೇ ತಾನೆ ಅಂತ ನಮಗನ್ಸುತ್ತೆ, ಆದ್ರೆ ಕಾಯೋದು ಎರಡು ಪಟ್ಟಿಗಿಂತ ಜಾಸ್ತಿ ಆಗ್ಬಿಡುತ್ತೆ. 100 ಮುಟ್ಟಿದ್ರೆ ಕ್ಯೂ ಬೆಳೀತಾನೇ ಹೋಗುತ್ತೆ, ಕರಗೋ ಮಾತೇ ಇಲ್ಲ. ನಾನು 60ಕ್ಕೆ 140 ಇಟ್ಕೊಂಡು, ಅಂದ್ರೆ 230 ಪರ್ಸೆಂಟ್ ದಾಟಿ, ಇನ್ನೂ ಯಾಕೋ ಕೆಲಸ ಹಿಂದೆ ಬೀಳ್ತಿದೆ ಅಂತ ತಲೆ ಕೆರ್ಕೋತಿದ್ದೆ.

ಖಾಲಿ ಇರೋ ಸಂಜೆ ವೇಸ್ಟಲ್ಲ ಅಂತ ಗೊತ್ತಾಗಿದ್ದು ಆವಾಗ್ಲೇ. ಯಾವತ್ತೋ ಒಂದು ದಿನ ತಲೆನೋವು ಬಂದ್ರೆ, ಕರೆಂಟ್ ಹೋದ್ರೆ, ಮನೇಲಿ ಯಾರಿಗೋ ಆಸ್ಪತ್ರೆ ಅಂತ ಆದ್ರೆ, ಅದನ್ನ ನುಂಗ್ಕೊಳೋಕೆ ಎಲ್ಲಾದ್ರೂ ಜಾಗ ಬೇಕಲ್ಲ.

ಇನ್ನೊಂದು ಸೂತ್ರ ಇನ್ನೂ ಸರಳ, ಜಾನ್ ಲಿಟಲ್ ಅನ್ನೋರು 1961ರಲ್ಲಿ ಅದು ಸರಿ ಅಂತ ಸಾಧಿಸಿ ತೋರಿಸಿದ್ದು. ಕೈಯಲ್ಲಿ ಎಷ್ಟು ಕೆಲಸ ಇದೆಯೋ ಅದನ್ನ ವಾರಕ್ಕೆ ಎಷ್ಟು ಮುಗಿಸ್ತೀರೋ ಅದರಿಂದ ಭಾಗಿಸಿ, ಒಂದು ಕೆಲಸ ಸರಾಸರಿ ಎಷ್ಟು ವಾರ ಹಿಡಿಯುತ್ತೆ ಅಂತ ಸಿಗುತ್ತೆ. ನಾನು ವಾರಕ್ಕೆ ಎರಡು ಮುಗಿಸಿದ್ರೆ ದೊಡ್ದು. ಕೈಯಲ್ಲಿ 16 ಇದ್ರೆ ಪ್ರತಿಯೊಂದಕ್ಕೂ ಎಂಟು ವಾರ, 6 ಇದ್ರೆ ಮೂರು ವಾರ. ನಾನು ಅದೇ ಮನುಷ್ಯ, ಅದೇ ಸ್ಪೀಡು, ಒಂದು ನಿಮಿಷನೂ ಜಾಸ್ತಿ ದುಡೀಲಿಲ್ಲ, ಬರೀ ಕಮ್ಮಿ ಹಿಡ್ಕೊಂಡೆ ಅಷ್ಟಕ್ಕೇ ಎಲ್ರಿಗೂ ಬೇಗ ಸಿಗುತ್ತೆ. ಎಲ್ಲಾದಕ್ಕೂ ಹೂಂ ಅನ್ನೋದ್ರಿಂದ ಎಲ್ರಿಗೂ ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ, ಮಾಡ್ತಿದ್ದಿದ್ದು 17 ಜನರನ್ನ ಒಟ್ಟಿಗೆ ಕಾಯಿಸೋದು.

ಅದರ ಮೇಲೆ ಒಂದರಿಂದ ಇನ್ನೊಂದಕ್ಕೆ ಹಾರೋ ಖರ್ಚು ಬೇರೆ. ಸೋಫಿ ಲೆರಾಯ್ ಅನ್ನೋರು 2009ರಲ್ಲಿ ಇದರ ಬಗ್ಗೆ ಬರ್ದಿದಾರೆ, ಮೊದಲ ಕೆಲಸ ಅರ್ಧಕ್ಕೆ ಬಿಟ್ಟು ಎರಡನೇದಕ್ಕೆ ಹೋದ್ರೆ ಗಮನದ ಒಂದು ಪಾಲು ಹಿಂದೇನೇ ಅಂಟ್ಕೊಂಡಿರುತ್ತೆ ಅಂತ. ನಂಗೆ ಇದಕ್ಕೆ ಪ್ರಯೋಗ ಬೇಕಾಗಿರ್ಲಿಲ್ಲ ಬಿಡಿ, ಕಮಿಟಿಯ ಜಮಾಖರ್ಚಿನ ಶೀಟಲ್ಲಿ ‘ವಿವರ’ ಅನ್ನೋ ಕಾಲಮ್ಮಿಗೆ ಸಬ್‌ಟೈಟಲ್ಲಿನ ಒಂದು ಡೈಲಾಗ್ ಪೇಸ್ಟ್ ಮಾಡಿ ಕಳಿಸಿದ್ದೆ. ಖಜಾಂಚಿಯವರು ಫೋನ್ ಮಾಡಿ, ‘ನೀನಿಲ್ಲದೆ ನಾನು ಹೇಗಿರಲಿ ಅಂತ ಇದೆಯಲ್ಲ, ಇದು ಯಾವ ಖರ್ಚು?’ ಅಂತ ಗಂಭೀರವಾಗಿ ಕೇಳಿದ್ರು.

ನಗೋ ವಿಷಯ ಅಲ್ದೆ ಇರೋದೂ ಇತ್ತು. ಸುಸ್ತು ಒಂದು ಕಡೆ, ಅದು ಎಲ್ರಿಗೂ ಗೊತ್ತಿರೋದೇ. ಆದ್ರೆ ಮೆಸೇಜ್ ಮಾಡಿದೋರ ಹೆಸರು ಸ್ಕ್ರೀನ್ ಮೇಲೆ ಕಂಡ್ರೆ ಸಾಕು ಅವರ ಮೇಲೇ ಸಿಟ್ಟು ಬರೋಕೆ ಶುರುವಾಗಿತ್ತು, ಪಾಪ ಅವರು ಕೇಳಿದ್ರು, ಒಪ್ಕೊಂಡಿದ್ದು ನಾನು. ಇಷ್ಟಪಟ್ಟು ಶುರು ಮಾಡಿದ್ದ ಮಕ್ಕಳ ಪಾಠದ ದಿನ ಕೂಡ, ಇವತ್ತು ನೆಟ್ ಕೈಕೊಟ್ರೆ ಸಾಕಪ್ಪಾ ಅಂತ ಒಳಗೊಳಗೇ ಹಾರೈಸ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ, ಐಸಿಡಿ-11ರಲ್ಲಿ, ಬರ್ನೌಟನ್ನ ಕಾಯಿಲೆ ಅಂತಲ್ಲ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಸೇರಿಸಿದೆ. ಅದಕ್ಕೆ ಮೂರು ಗುರುತು ಹೇಳಿದೆ, ಶಕ್ತಿಯೆಲ್ಲ ಬತ್ತಿಹೋದ ಹಾಗಿರೋದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಒಂಥರಾ ಕಹಿ ಬರೋದು, ಕೆಲಸದಲ್ಲಿ ಕೈ ಓಡ್ದೆ ಇರೋದು. ಅದು ಉದ್ಯೋಗದ ಮಾತು, ನನ್ನ ಊರ ಉಸಾಬರಿ ಕೆಲಸಗಳಿಗೆ ಅನ್ವಯ ಆಗಲ್ಲ, ಆದ್ರೂ ಎರಡನೇ ಗುರುತು ಓದಿದಾಗ ಆ ನೆಟ್ ಕೈಕೊಡ್ಲಿ ಅನ್ನೋ ಹಾರೈಕೆ ನೆನಪಾಯ್ತು.

ಸರಿ, ವಾಪಸ್ ಕೊಡೋ ಕಥೆ. 60 ಗಂಟೆಗೆ ಇಳಿಸ್ಬೇಕು ಅಂದ್ರೆ ಕೊಟ್ಟ ಮಾತು ವಾಪಸ್ ತಗೊಳ್ಲೇಬೇಕು, ಬೇರೆ ದಾರಿ ಇಲ್ಲ. ಹೊಸದಕ್ಕೆ ಇಲ್ಲ ಅನ್ನೋದು ಹೇಗೆ ಅಂತ ಎಲ್ರೂ ಬರೀತಾರೆ, ಆಗ್ಲೇ ಹೂಂ ಅಂದಿರೋದನ್ನ ಬಿಡಿಸ್ಕೊಳೋದು ಹೇಗೆ ಅಂತ ಯಾರೂ ಹೇಳ್ಕೊಡಲ್ಲ. ಮೊದಲ ಮೆಸೇಜು ಬರೆಯೋಕೆ ಅರ್ಧ ಗಂಟೆ ಹಿಡೀತು. 14 ಸಾಲು. ಆಫೀಸಲ್ಲಿ ಹಿಂಗಾಯ್ತು, ಕಣ್ಣುನೋವು, ಅಮ್ಮನಿಗೆ ಹುಷಾರಿರ್ಲಿಲ್ಲ, ನಿಜವಾಗ್ಲೂ ಮಾಡ್ಬೇಕು ಅಂತಾನೇ ಇದ್ದೆ, ಹೀಗೇ. ಓದಿ ನೋಡಿದ್ರೆ ರಜಾಚೀಟಿ ಥರ ಇತ್ತು, ಅದೂ ಅಮ್ಮನಿಗೆ ಹುಷಾರಿರ್ಲಿಲ್ಲ ಅನ್ನೋದು ಎರಡು ತಿಂಗಳು ಹಳೇದು. ಎಲ್ಲಾ ಅಳಿಸಿ ಕೊನೆಗೆ ಉಳಿದಿದ್ದು ಇಷ್ಟು: ‘ಈ ಕೆಲಸ ಒಪ್ಕೊಂಡಿದ್ದೆ, ಇನ್ನೂ ಶುರು ಮಾಡಿಲ್ಲ. ಹೇಳಿದ ದಿನಕ್ಕೆ ನನ್ನಿಂದ ಆಗಲ್ಲ, ತಪ್ಪು ನಂದೇ. ಬೇರೆಯವರಿಗೆ ಕೊಡೋದಾದ್ರೆ ಇರೋ ಫೈಲೆಲ್ಲ ಇವತ್ತೇ ಕಳಿಸ್ತೀನಿ.’ ಕಾರಣ ಹೇಳಿದ್ರೆ ಅವರು ಆ ಕಾರಣಕ್ಕೆ ಪರಿಹಾರ ಹುಡುಕ್ತಾರೆ, ಪರವಾಗಿಲ್ಲ ಕಣ್ಣು ಸರಿಹೋದ್ಮೇಲೆ ಮಾಡಿ ಅಂತಾರೆ, ಮತ್ತೆ ಅಲ್ಲಿಗೇ ಬಂತು.

ಇದನ್ನೇ ಸ್ವಲ್ಪ ಸ್ವಲ್ಪ ಬದಲಾಯಿಸಿ ಐದು ಜನಕ್ಕೆ ಕಳಿಸ್ದೆ, ಫೋನನ್ನ ಇನ್ನೊಂದು ರೂಮಲ್ಲಿ ಮಗುಚಿ ಹಾಕಿ ಬಂದೆ. ಒಂದು ಗಂಟೆ ಆದ್ಮೇಲೆ ನೋಡಿದ್ರೆ ಇಬ್ಬರು ಹೇಳಿದ್ದು, ‘ಅಯ್ಯೋ ಅದು ಈಗ ಬೇಕಾಗಿಲ್ಲ, ಬೇರೆ ಥರ ಮಾಡಿದ್ವಿ, ನಿಮಗೆ ಹೇಳೋಕೆ ಮರ್ತೋಯ್ತು’ ಅಂತ. ಎಂಟು ವಾರ ರಾತ್ರಿ ಹೊತ್ತು ಎದೆ ಮೇಲೆ ಕೂತಿದ್ದ ಕೆಲಸ, ಯಾರಿಗೂ ಬೇಕಾಗೇ ಇರ್ಲಿಲ್ಲ. ಒಬ್ಬರು 20 ಪುಟದ ಬದಲು 4 ಪುಟ ಸಾಕು ಅಂದ್ರು. ಒಬ್ಬರು ಸುಮ್ನೆ ಒಂದು ‘ಓಕೆ’ ಹಾಕಿದ್ರು, ಅದರ ಪಕ್ಕ ಚುಕ್ಕಿ ಇತ್ತು, ಆ ಚುಕ್ಕಿ ಬಗ್ಗೆ ನಾನು ಎರಡು ದಿನ ಯೋಚನೆ ಮಾಡ್ದೆ. ಪತ್ರಿಕೆಯ ಮೇಡಂ ನೇರವಾಗೇ ಬೈದ್ರು. ಇನ್ನು ಹತ್ತು ದಿನ ಇರೋವಾಗ ಹೇಳ್ತೀರಲ್ಲ, ತಿಂಗಳ ಹಿಂದೆನೇ ಹೇಳಿದ್ರೆ ಬೇರೆಯವರನ್ನ ನೋಡ್ಕೋತಿದ್ದೆ ಅಂದ್ರು. ನೂರಕ್ಕೆ ನೂರು ಸರಿ ಅವರ ಮಾತು, ಬೈಗುಳ ಪೂರ್ತಿ ಕೇಳಿಸ್ಕೊಂಡೆ.

ಆರನೇದು ಗೆಳತಿಗೆ. ಅವಳಿಗೆ ಮೆಸೇಜ್ ಕಳಿಸೋಕೆ ಕೈ ಬರ್ಲಿಲ್ಲ, ಅಳಿಸಿ ಫೋನ್ ಮಾಡ್ದೆ. ‘ಆವತ್ತು ಆಲ್ಮೋಸ್ಟ್ ಆಯ್ತು ಅಂದ್ನಲ್ಲ, ಸುಳ್ಳು. ಫೈಲೇ ತೆಗ್ದಿರ್ಲಿಲ್ಲ.’ ಆ ಕಡೆ ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಆಮೇಲೆ ಅಂದ್ಲು, ‘ಗೊತ್ತು. ಶೇರ್ ಮಾಡಿದ ಇನ್ನೊಂದು ಫೋಲ್ಡರಲ್ಲಿ ಯಾರು ಯಾವಾಗ ಓಪನ್ ಮಾಡಿದ್ರು ಅಂತ ತೋರ್ಸುತ್ತೆ.’ ಮುಖ ಎಲ್ಲಿಡ್ಲಿ ಹೇಳಿ. ಅವಳಿಗೆ ಬೇಜಾರಾಗಿದ್ದು ತಡ ಆಗಿದ್ದಕ್ಕಲ್ವಂತೆ, ‘ನೀನು ಆಗಲ್ಲ ಅಂದಿದ್ರೆ ನಾನೇ ಬರ್ಕೋತಿದ್ದೆ, ನನ್ ಐದು ವಾರ ಹೋಯ್ತಲ್ಲ’ ಅಂದ್ಲು. ಕೊನೆಗೆ ಎರಡು ಪುಟ ಅವಳೇ ಬರ್ದ್ಲು, ಎರಡು ನಾನು ಆ ವಾರ ಎಲ್ಲಾ ಬಿಟ್ಟು ಬರ್ದೆ. ಅವಳು ಬರ್ದ ಎರಡೇ ಚೆನ್ನಾಗಿದೆ, ನಿಜ ಹೇಳ್ಬೇಕು ಅಂದ್ರೆ.

ಆಫೀಸಲ್ಲಿ ಇಷ್ಟು ಸುಲಭ ಇಲ್ಲ, ಅಲ್ಲಿ ವಾಪಸ್ ಕೊಡ್ತೀನಿ ಅನ್ನೋಕಾಗಲ್ಲ. ನಾನು ಕಲ್ತಿದ್ದು ಒಂದೇ ವಾಕ್ಯ. ಹೊಸ ಕೆಲಸ ಬಂದಾಗ ಕೈಯಲ್ಲಿರೋ ನಾಲ್ಕರ ಪಟ್ಟಿ ತೋರಿಸಿ, ‘ಸರ್, ಇದನ್ನ ಈ ವಾರ ತಗೊಂಡ್ರೆ ಇವುಗಳಲ್ಲಿ ಯಾವ್ದನ್ನ ಮುಂದಿನ ವಾರಕ್ಕೆ ಹಾಕ್ಲಿ?’ ಅನ್ನೋದು. ಮೊದಲ ಸಲ ಬಾಸು ‘ಯಾವ್ದನ್ನೂ ಬೇಡ, ಎಲ್ಲಾನೂ ಆಗ್ಬೇಕು’ ಅಂದ್ರು. ಎರಡನೇ ಸಲನೂ ಅದೇ. ಮೂರನೇ ಸಲ ಪಟ್ಟಿಯನ್ನ ನಿಜವಾಗ್ಲೂ ಓದಿ, ‘ಇದ್ಯಾಕೆ ಇನ್ನೂ ನಿಮ್ಮ ಹತ್ರ ಇದೆ, ಇದು ನಿಂತುಹೋಗಿ ತಿಂಗಳಾಯ್ತಲ್ಲ’ ಅಂದ್ರು. ಯಾರೂ ನಂಗೆ ಹೇಳಿರ್ಲಿಲ್ಲ, ಪ್ರತಿ ವಾರ ಅದರ ರಿಪೋರ್ಟ್ ಕಳಿಸ್ತಾನೇ ಇದ್ದೆ.

ಆದ್ರೆ ಹೀಗೆ ಕೇಳೋ ಅವಕಾಶ ಇರೋದೇ ಒಂದು ಸವಲತ್ತು, ಅದು ನಂಗೆ ಗೊತ್ತಿದೆ. ಮೂರು ಜನರ ಕೆಲಸ ಒಬ್ಬರ ಮೇಲೆ ಹಾಕಿ, ನೀವು ಪ್ರಯಾರಿಟಿ ಸರಿ ಮಾಡ್ಕೊಳಿ ಅನ್ನೋ ಕಡೆ ಯಾವ ಪಟ್ಟಿನೂ ನಡೆಯಲ್ಲ, ಅಲ್ಲಿ ಬೇಕಾಗಿರೋದು ಇನ್ನಿಬ್ಬರು ಜನ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕ ನೋಡಿ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯು ಬರೋ ಅಪಾಯ ಸುಮಾರು ನೂರಕ್ಕೆ 35ರಷ್ಟು ಜಾಸ್ತಿ, ಹೃದಯಕ್ಕೆ ರಕ್ತ ಹರಿಯೋದು ಕಮ್ಮಿಯಾಗಿ ಸಾಯೋ ಅಪಾಯ 17ರಷ್ಟು ಜಾಸ್ತಿ. 2016 ಒಂದೇ ವರ್ಷದಲ್ಲಿ ಹೀಗೆ ಸತ್ತೋರು ಅಂದಾಜು 7 ಲಕ್ಷ 45 ಸಾವಿರ. ಇವರಿಗೆ ಹೋಗಿ ಬೆಳಿಗ್ಗೆ ಬೇಗ ಏಳಿ ಅನ್ನೋಕಾಗುತ್ತಾ. ಹಾಗಾಗಿ ನಾನು ಬರೀತಿರೋದು ನನ್ನಂಥ, ತಾನೇ ಕೈಯಾರೆ ತಲೆ ಮೇಲೆ ಹೇರ್ಕೊಂಡಿರೋ ಜಾತಿಯವರಿಗೆ ಮಾತ್ರ.

ಈಗ ಏನು ನಡೀತಿದೆ ಅಂದ್ರೆ, ಒಂದು ಕಾಗದದಲ್ಲಿ ಐದು ಗೆರೆ. ಶುರುವಾಗಿ ಮುಗೀದೆ ಇರೋದು ಐದಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ಆರನೇದು ಬೇಕಂದ್ರೆ ಒಂದು ಹೊಡೆದು ಹಾಕ್ಬೇಕು. ಕಾಗದಾನೇ ಯಾಕೆ ಅಂದ್ರೆ ಆಪಲ್ಲಿ ಕೆಳಗೆ ಎಳೆದಷ್ಟೂ ಜಾಗ ಇರುತ್ತೆ, ಕಾಗದದಲ್ಲಿ ಜಾಗ ಮುಗಿಯುತ್ತೆ. ರಾತ್ರಿ ಮಲಗೋ ಮುಂಚೆ ತಲೇಲಿ ಗುಂಯ್‌ಗುಡೋದನ್ನ, ಬರೀ ‘ಲೆಕ್ಕ’ ಅಂತಲ್ಲ, ‘ನಾಳೆ ಸಂಜೆ 7ಕ್ಕೆ ಕೂತು ಮೊದಲ ಮೂರು ತಿಂಗಳ ರಸೀದಿ ನಮೂದಿಸೋದು’ ಅಂತ ಬರೀತೀನಿ. ಮ್ಯಾಸಿಕಾಂಪೊ, ಬೌಮೈಸ್ಟರ್ ಅನ್ನೋರು 2011ರಲ್ಲಿ ಇದನ್ನ ಪರೀಕ್ಷೆ ಮಾಡಿದ್ರು, ಅರ್ಧ ಉಳಿದ ಕೆಲಸ ತಲೇಲಿ ಕೊರೆಯೋದು ನಿಲ್ಲೋಕೆ ಕೆಲಸ ಮುಗೀಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡ್ತೀನಿ ಅಂತ ನಿರ್ದಿಷ್ಟವಾಗಿ ಗೊತ್ತು ಮಾಡ್ಕೊಂಡ್ರೂ ಸಾಕು ಅಂತ. ನನ್ನ ಮಟ್ಟಿಗೆ ವಾರದಲ್ಲಿ ನಾಲ್ಕು ರಾತ್ರಿ ಇದು ಕೆಲಸ ಮಾಡುತ್ತೆ. ಮಿಕ್ಕ ಮೂರು ರಾತ್ರಿ ಸುಮ್ನೆ ಫ್ಯಾನ್ ನೋಡ್ತಾ ಮಲಗಿರ್ತೀನಿ.

ಪೂರ್ತಿ ಸರಿಹೋಗಿದೀನಿ ಅಂತೇನಿಲ್ಲ. ಎರಡು ತಿಂಗಳ ಹಿಂದೆ ಒಂದು ಮೀಟಿಂಗಲ್ಲಿ ಮತ್ತೆ ಅದೇ ಮೌನ ಬಂತು, ಎಲ್ರೂ ಟೇಬಲ್ ನೋಡ್ತಿದ್ರು, ನನ್ ಬಾಯಿ ತೆರೀತು, ಅಷ್ಟರಲ್ಲಿ ಕೆಮ್ಮು ಬಂದು ಮಾತು ಬರ್ಲಿಲ್ಲ. ಕೆಮ್ಮು ನಿಲ್ಲೋದ್ರೊಳಗೆ ಇನ್ನೊಬ್ಬರು ಒಪ್ಕೊಂಡಿದ್ರು.

ಹೋದ ವಾರ ಪತ್ರಿಕೆಯ ಮೇಡಂ ಮೆಸೇಜ್ ಮಾಡಿದ್ರು, ಬೈದ್ಮೇಲೆ ಮೊದಲನೇ ಸಲ. ‘ಒಂದು ಸಣ್ಣ ಕರಡಿತ್ತು, 30 ಪುಟ, ನೋಡ್ತೀರಾ?’ ಅಂತ. ಹೂಂ ಅನ್ನೋಕೆ ಬೆರಳು ಓಡ್ತು, ಹಳೇ ತಪ್ಪು ತೊಳ್ಕೊಳೋಕೆ ಇದಕ್ಕಿಂತ ಒಳ್ಳೇ ಚಾನ್ಸ್ ಎಲ್ಲಿ ಸಿಗುತ್ತೆ. ಕಾಗದ ನೋಡ್ದೆ, ಐದೂ ಗೆರೆ ತುಂಬಿತ್ತು. 30 ಪುಟ ಅಂದ್ರೆ ನನ್ನ ಮನಸ್ಸು 5 ಗಂಟೆ ಅಂತು, ಅಂದ್ರೆ 10. ‘12ನೇ ತಾರೀಕಿನ ನಂತರ ಶುರು ಮಾಡೋಕಾಗುತ್ತೆ, 20ಕ್ಕೆ ಕೊಡ್ತೀನಿ, ಅದಕ್ಕೂ ಮುಂಚೆ ಆಗಲ್ಲ. ನಡೆಯುತ್ತಾ ಮೇಡಂ?’ ಅಂತ ಕಳಿಸ್ದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು, ‘ಅಷ್ಟು ಕಾಯೋಕಾಗಲ್ಲ, ಬೇರೆಯವರಿಗೆ ಕೊಟ್ಟೆ. ಬೇಗ ಹೇಳಿದ್ದಕ್ಕೆ ಥ್ಯಾಂಕ್ಸ್.’

ಯಾರಿಗೆ ಕೊಟ್ರೋ, ಅವರು ‘ಳ’ ‘ಲ’ ಸರಿಯಾಗಿ ನೋಡ್ತಾರೋ ಇಲ್ವೋ ಅಂತ ಅವತ್ತು ಸಂಜೆ ಪೂರ್ತಿ ಹೊಟ್ಟೆ ಉರ್ಕೊಂಡೆ.